ಕುರೊಸಾವಾನ ಮೊದಲ ಕ್ರೈಮ್ ಸಿನಿಮಾಗಳು: ಒಂದು ಕೆಮ್ಮು, ಒಂದು ಪಿಸ್ತೂಲು, ತಡೆಯೋಕಾಗದ ಸೆಕೆ

ಜಪಾನಿ ನಿರ್ದೇಶಕ ಕುರೊಸಾವಾ ಅಂದ ತಕ್ಷಣ ಎಲ್ರಿಗೂ ನೆನಪಾಗೋದು ಕತ್ತಿ, ಕುದುರೆ, ಮಳೇಲಿ ಕೆಸರು ಎರಚ್ಕೊಂಡು ಓಡೋ ಸಮುರಾಯ್‌ಗಳು. ಇಲ್ಲಾಂದ್ರೆ 'ರಾಶೋಮನ್'. ಆ ಸಿನಿಮಾ ನೋಡದೇ ಇರೋರು ಕೂಡ ಒಂದೇ ಘಟನೆನ ನಾಲ್ಕು ಜನ ನಾಲ್ಕು ಥರ ಹೇಳಿದ್ರೆ ಸಾಕು, ಇದು ರಾಶೋಮನ್ ಥರ ಇದೆ ಅಂತಾರೆ. ಆದ್ರೆ 1951ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಆ ಸಿನಿಮಾಗೆ ಗೋಲ್ಡನ್ ಲಯನ್ ಪ್ರಶಸ್ತಿ ಬಂದು ಜಗತ್ತಿಗೆಲ್ಲ ಅಕಿರಾ ಕುರೊಸಾವಾ ಯಾರು ಅಂತ ಗೊತ್ತಾಗೋಕೆ ಮುಂಚೆ, 1948ರಲ್ಲಿ ಒಂದು, 1949ರಲ್ಲಿ ಒಂದು, ಹೀಗೆ ಎರಡು ಕ್ರೈಮ್ ಸಿನಿಮಾ ಮಾಡಿದ್ದ. 'ಡ್ರಂಕನ್ ಏಂಜೆಲ್' ಮತ್ತೆ 'ಸ್ಟ್ರೇ ಡಾಗ್'. ಎರಡರಲ್ಲೂ ನಟರಾದ ತೊಶಿರೊ ಮಿಫುನೆ ಮತ್ತು ತಕಾಶಿ ಶಿಮುರಾ ಜೋಡಿ. ಎರಡರಲ್ಲೂ ಕತ್ತಿ ಇಲ್ಲ, ಕುದುರೆ ಇಲ್ಲ, ಯುದ್ಧ ಸೋತು ಸುಟ್ಟು ಕೂತಿರೋ ಟೋಕಿಯೋ ಇದೆ, ಅಷ್ಟೆ. ಈ ಎರಡನ್ನೂ ಇತ್ತೀಚೆಗೆ ಮತ್ತೆ ಕೂತು ನೋಡ್ದೆ, ನೋಡಿದ್ಮೇಲೆ ತಲೇಲಿ ಒಂದೇ ವಿಷಯ ಸುತ್ತುತ್ತಾ ಇದೆ, ಅದನ್ನ ಬರೆದು ಮುಗಿಸೋಣ ಅಂತ ಕೂತಿದೀನಿ.

ವಿಷಯ ಇಷ್ಟೇ. ಕ್ರೈಮ್ ಸಿನಿಮಾ ಅಂದ್ರೆ ಸಾಮಾನ್ಯವಾಗಿ ಯಾರು ಮಾಡಿದ್ದು, ಹೆಂಗೆ ಮಾಡಿದ್ದು, ಹೆಂಗೆ ಸಿಕ್ಕಿಬಿದ್ದ ಅನ್ನೋ ಪ್ರಶ್ನೆ. ಈ ಎರಡರಲ್ಲಿ ಕುರೊಸಾವಾ ಕೇಳೋದೇ ಬೇರೆ: ತಪ್ಪು ಮಾಡಿದವನಿಗೂ ಅವನನ್ನ ಹಿಡಿಯೋಕೋ ಉಳಿಸೋಕೋ ಬಂದವನಿಗೂ ನಡುವೆ ಎಷ್ಟು ಅಂತರ ಇದೆ? ಅವನ ಪ್ರಕಾರ ಇರೋದು ಬಹಳ ಕಮ್ಮಿ. ಅದನ್ನ ಅವನು ಡೈಲಾಗ್‌ನಲ್ಲಿ ಹೇಳಿ ಸುಮ್ಮನಾಗಲ್ಲ, ಮೈಮೇಲೆ ತೋರಿಸ್ತಾನೆ. ಕೆಮ್ಮು, ಬೆವರು, ಕೆಸರು, ಸೊಳ್ಳೆ, ಒದ್ದೆ ಬಟ್ಟೆ. ಇಬ್ಬರೂ ಒಂದೇ ಗಾಳಿ ಉಸಿರಾಡ್ತಾರೆ, ಇಬ್ರಿಗೂ ಒಂದೇ ಸೆಕೆ.

ಆ ಕಾಲದ ಟೋಕಿಯೋ ಸ್ವಲ್ಪ ಕಣ್ಣ ಮುಂದೆ ತಂದ್ಕೋಬೇಕು. 1945ರ ಬಾಂಬ್ ದಾಳಿಲಿ ಊರಿನ ದೊಡ್ಡ ಭಾಗ ಸುಟ್ಟು ಹೋಗಿದೆ, ರೇಷನ್ ಸಾಲಲ್ಲ, ಅಕ್ಕಿಯಿಂದ ಹಿಡಿದು ಪಿಸ್ತೂಲಿನ ತನಕ ಎಲ್ಲಾ ಸಿಗೋದು ಕಾಳಸಂತೇಲಿ, ಆ ಕಾಳಸಂತೆ ಒಂದೊಂದು ಏರಿಯಾ ಒಂದೊಂದು ಯಾಕುಜಾ (ಜಪಾನಿನ ರೌಡಿಗಳು) ಗ್ಯಾಂಗ್ ಕೈಲಿ. ಚೀನಾದಿಂದ, ದಕ್ಷಿಣದ ದ್ವೀಪಗಳಿಂದ ಸೋತ ಸೈನಿಕರು ಹಳೇ ಯೂನಿಫಾರ್ಮ್‌ನಲ್ಲೇ ವಾಪಸ್ ಬರ್ತಾ ಇದಾರೆ, ಬಂದವರಿಗೆ ಕೆಲಸ ಇಲ್ಲ, ಎಷ್ಟೋ ಜನಕ್ಕೆ ಮನೆಯೂ ಇಲ್ಲ. ದೇಶ ಆಳ್ತಾ ಇರೋದು ಅಮೆರಿಕನ್ ಸೇನೆ, ಸಿನಿಮಾದ ಸ್ಕ್ರಿಪ್ಟ್ ಕೂಡ ಅವರ ಕಣ್ಣಿಗೆ ಬಿದ್ದು ಪಾಸ್ ಆಗ್ಬೇಕು. ಆಗಿನ ಜಪಾನಿನಲ್ಲಿ ಅತಿ ಹೆಚ್ಚು ಜನರನ್ನ ಕೊಲ್ತಾ ಇದ್ದ ಕಾಯಿಲೆ ಕ್ಷಯ. 'ಡ್ರಂಕನ್ ಏಂಜೆಲ್' ಹುಟ್ಟಿದ್ದೇ ಆ ಕಾಳಸಂತೆ ಮತ್ತು ಆ ಕಾಯಿಲೆಯ ನಡುವೆ.

ಹುಟ್ಟಿದ್ದು ಅಂದೆನಲ್ಲ, ನಿಜವಾಗ್ಲೂ ಒಂದು ಸೆಟ್‌ನಿಂದ ಹುಟ್ಟಿದ್ದು. ಕುರೊಸಾವಾನ ಗುರು ಕಜಿರೊ ಯಮಾಮೊತೊ ಇನ್ನೊಂದು ಸಿನಿಮಾಗೆ ಅಂತ ತೋಹೋ ಸ್ಟುಡಿಯೋದಲ್ಲಿ ದೊಡ್ಡ ಕಾಳಸಂತೆ ಬೀದಿ ಕಟ್ಟಿಸಿದ್ರು, ಅಷ್ಟು ದುಡ್ಡು ಹಾಕಿದ ಸೆಟ್ ಸುಮ್ನೆ ಬಿದ್ದಿರೋದು ಬೇಡ, ಅದನ್ನಿಟ್ಕೊಂಡು ನೀನೂ ಏನಾದ್ರೂ ಮಾಡು ಅಂತ ಸ್ಟುಡಿಯೋದವರು ಕುರೊಸಾವಾಗೆ ಹೇಳಿದ್ರು. ಅವನು ಬಾಲ್ಯದ ಗೆಳೆಯ ಕೆಯಿನೊಸುಕೆ ಉಎಕುಸಾ ಜೊತೆ ಬರೆಯೋಕೆ ಕೂತ. ಕಾಳಸಂತೆ ಇದೆ ಅಂದ್ಮೇಲೆ ಒಬ್ಬ ಯಾಕುಜಾ ಇರ್ಬೇಕು, ಅವನ ಎದುರಿಗೆ ಒಬ್ಬ ಯುವ ಡಾಕ್ಟರು, ಆದರ್ಶವಾದಿ, ಒಳ್ಳೆಯವನು. ಬರೆದ್ರು, ಬರೆದ್ರು, ಕಥೆ ಮುಂದಕ್ಕೆ ಹೋಗ್ಲೇ ಇಲ್ಲ. ಡಾಕ್ಟರು ಅಷ್ಟು ಒಳ್ಳೆಯವನಾದ್ರೆ ಅವನಿಗೆ ಜೀವ ಎಲ್ಲಿಂದ ಬರ್ಬೇಕು? ಕೊನೆಗೆ ಇಬ್ರಿಗೂ ನೆನಪಾಗಿದ್ದು ಯೊಕೊಹಾಮಾದ ಕೊಳೆಗೇರಿಲಿ ಹಿಂದೆ ನೋಡಿದ್ದ ಒಬ್ಬ ಕುಡುಕ ವೈದ್ಯ, ಲೈಸೆನ್ಸ್ ಇಲ್ಲ, ಬಾಯಿ ಬಿಟ್ರೆ ಹೊಲಸು ಮಾತು, ಆದ್ರೆ ಆ ಮಾತಿನ ನಡುವೆ ಎಲ್ಲೋ ಒಬ್ಬ ನಿಜವಾದ ಮನುಷ್ಯ ಇಣುಕ್ತಿದ್ದ. ಆ ಮನುಷ್ಯನನ್ನ ತಂದು ಕೂರಿಸಿದ ಮೇಲೆ ಸ್ಕ್ರಿಪ್ಟ್ ಸರಾಗ ಓಡಿತಂತೆ.

ಶಿಮುರಾ ಮಾಡಿದ ಆ ಡಾಕ್ಟರ್ ಸನಾಡಾನ ನೋಡಿದ್ರೆ ಯಾಕೆ ಓಡ್ತು ಅಂತ ಅರ್ಥ ಆಗತ್ತೆ. ಕುಡಿಯೋಕೆ ದುಡ್ಡಿಲ್ಲ ಅಂದ್ರೆ ದವಾಖಾನೆಯ ಸ್ಪಿರಿಟ್‌ಗೇ ಟೀ ಬೆರೆಸಿಕೊಂಡು ಕುಡೀತಾನೆ. ಪೇಷಂಟ್‌ಗಳ ಮೇಲೆ ಕೂಗಾಡ್ತಾನೆ, ಕೈಗೆ ಸಿಕ್ಕಿದ್ದನ್ನ ಎಸೀತಾನೆ. ಅವನ ಕ್ಲಿನಿಕ್ ಎದುರಿಗೇ ಒಂದು ಕೊಳಚೆ ಹೊಂಡ, ಅದರಲ್ಲಿ ಗುಳ್ಳೆ ಏಳ್ತಾ ಇರತ್ತೆ, ಕಸ ತೇಲ್ತಾ ಇರತ್ತೆ, ಒಂದು ಬೊಂಬೆ ಬಿದ್ದಿದೆ, ಪಕ್ಕದಲ್ಲೇ ಮಕ್ಕಳು ಆಡ್ತಾ ಇರ್ತಾವೆ, ಈ ಮನುಷ್ಯ ಆ ಮಕ್ಕಳನ್ನ ಬೈದು ಓಡಿಸ್ತಾ ಇರ್ತಾನೆ. ರಾತ್ರಿ ಹೊತ್ತು ಆ ಹೊಂಡದ ಆಚೆ ದಡದಲ್ಲಿ ಯಾರೋ ಗಿಟಾರ್ ನುಡಿಸ್ತಾರೆ. ಸಿನಿಮಾ ಪೂರ್ತಿ ಕ್ಯಾಮೆರಾ ಆ ಹೊಂಡಕ್ಕೆ ವಾಪಸ್ ಬಂದೇ ಬರತ್ತೆ. ಒಂದು ಏರಿಯಾದ ಎದೆಯೊಳಗೆ ಏನಿದೆ ಅಂತ ಹೇಳೋಕೆ ಎಕ್ಸ್‌ರೇ ಬೇಕಾಗಿಲ್ಲ, ಆ ನೀರು ನೋಡಿದ್ರೆ ಸಾಕು.

ಅಲ್ಲಿಗೆ ಒಂದು ರಾತ್ರಿ ಬರ್ತಾನೆ ಮಿಫುನೆ ಮಾಡಿದ ಮತ್ಸುನಾಗ, ಆ ಏರಿಯಾದ ಯಾಕುಜಾ, ಕೈಗೆ ಮೊಳೆ ಚುಚ್ಚಿದೆ ಅಂತ. ಡಾಕ್ಟರು ಗಾಯದೊಳಗಿಂದ ತೆಗೆದಿದ್ದು ಗುಂಡು. ಜೊತೆಗೆ ಆ ಕೆಮ್ಮು ಕೇಳಿ, ನಿನಗೆ ಕ್ಷಯ ಇರ್ಬೇಕು ಅಂತಾನೆ. ಅಷ್ಟಕ್ಕೇ ಮತ್ಸುನಾಗ ಡಾಕ್ಟರ ಕೊರಳಪಟ್ಟಿ ಹಿಡ್ಕೊಂಡು ಹೊಡೆಯೋಕೆ ಶುರು ಮಾಡ್ತಾನೆ. ಗುಂಡು ಬಿದ್ದಿದ್ದಕ್ಕೆ ಹೆದರದವನು ಶ್ವಾಸಕೋಶದ ಮಾತಿಗೆ ಹೆದರಿದ. ಇಡೀ ಸಿನಿಮಾ ಇಬ್ಬರೂ ಹೀಗೇ ಬಡಿದಾಡ್ಕೊಂಡೇ ಹತ್ರ ಆಗ್ತಾರೆ, ಒಬ್ಬ ಹೆಂಡದಲ್ಲಿ ಸಾಯ್ತಾ ಇರೋನು, ಇನ್ನೊಬ್ಬ ಎದೆಯೊಳಗಿನ ಕಾಯಿಲೇಲಿ, ನೀನು ಮೊದಲು ಸರಿ ಹೋಗು ಅಂತ ಒಬ್ಬರಿಗೊಬ್ಬರು ಕಿರುಚ್ಕೊಂಡು.

ಮಿಫುನೆ ಬಗ್ಗೆ ಹೇಳದೆ ಮುಂದೆ ಹೋಗೋಕಾಗಲ್ಲ. ಚೀನಾದ ಚಿಂಗ್‌ದಾವ್‌ನಲ್ಲಿ ಹುಟ್ಟಿ, ದಾಲಿಯನ್‌ನಲ್ಲಿ ಬೆಳೆದು, ಯುದ್ಧದಲ್ಲಿ ವಿಮಾನದಿಂದ ತೆಗೆಯೋ ಫೋಟೋಗಳ ವಿಭಾಗದಲ್ಲಿ ಕೆಲಸ ಮಾಡಿ, ಯುದ್ಧ ಮುಗಿದ ಮೇಲೆ ಕ್ಯಾಮೆರಾ ಅಸಿಸ್ಟೆಂಟ್ ಕೆಲಸ ಸಿಗಬಹುದು ಅಂತ ತೋಹೋಗೆ ಬಂದವನು. 1946ರಲ್ಲಿ ಹೊಸ ಮುಖಗಳ ಆಡಿಷನ್‌ಗೆ ನಿಂತಾಗ ಅವನು ಕೋಪ ನಟಿಸಿದ ರೀತಿ ನೋಡಿ ಕುರೊಸಾವಾಗೆ ಗಾಯಗೊಂಡ ಮೃಗದ ಥರ ಕಂಡಿತಂತೆ, ಅಲ್ಲಿದ್ದವರಲ್ಲಿ ಎಷ್ಟೋ ಜನಕ್ಕೆ ಇವನು ಬೇಡ ಅನ್ನಿಸಿತ್ತು, ಕುರೊಸಾವಾ ಅವನ ಪರ ಮಾತಾಡಿದ, ಯಮಾಮೊತೊ ಇವನ ಜವಾಬ್ದಾರಿ ನಂದು ಅಂತ ನಿಂತ್ರು, ಆಮೇಲೆ ತಗೊಂಡ್ರು. ಬೇರೆ ನಟರು ಹತ್ತು ಅಡಿ ಫಿಲ್ಮ್‌ನಲ್ಲಿ ಹೇಳೋದನ್ನ ಇವನು ಮೂರೇ ಅಡೀಲಿ ಹೇಳ್ತಾನೆ ಅಂತ ಕುರೊಸಾವಾ ಆತ್ಮಕಥೇಲಿ ಬರ್ಕೊಂಡಿದಾನೆ. ಅದು ಹೊಗಳಿಕೆ ಮಾತ್ರ ಅಲ್ಲ, ತಾಂತ್ರಿಕವಾಗಿಯೂ ನಿಜ. ಮತ್ಸುನಾಗ ಕುರ್ಚಿಯಿಂದ ಏಳೋದು, ಬಾಗಿಲು ತಳ್ಳೋದು, ಕೆಮ್ಮು ಬಂದಾಗ ಮುಖ ತಿರುಗಿಸೋದು ನೋಡಿ, ಎಡಿಟಿಂಗೇ ಅವನ ವೇಗಕ್ಕೆ ಹೊಂದ್ಕೊಂಡಿದೆ.

ಇದರಿಂದ ಒಂದು ತೊಂದರೆಯೂ ಆಯ್ತು. ಯಾಕುಜಾ ಅನ್ನೋ ಬದುಕಿನ ಬಣ್ಣ ಬಯಲು ಮಾಡ್ಬೇಕು, ಅವರ ಗೌರವ ನಿಯತ್ತು ಅನ್ನೋದೆಲ್ಲ ಎಷ್ಟು ಟೊಳ್ಳು ಅಂತ ತೋರಿಸ್ಬೇಕು ಅಂತ ಕುರೊಸಾವಾ ಹೊರಟಿದ್ದು. ಟೈಟಲ್ ಇರೋದು ಡಾಕ್ಟರ ಮೇಲೆ. ಆದ್ರೆ ಸಿನಿಮಾ ಮುಗಿಯೋ ಹೊತ್ತಿಗೆ ಮನಸ್ಸಿನಲ್ಲಿ ಉಳಿಯೋನು ಮತ್ಸುನಾಗ. ಮಿಫುನೆನ ತಡೆಯೋಕೆ ನನ್ನಿಂದ ಆಗ್ಲಿಲ್ಲ, ತಡೆಯೋ ಮನಸ್ಸೂ ಇರ್ಲಿಲ್ಲ ಅನ್ನೋ ಅರ್ಥದಲ್ಲಿ ಕುರೊಸಾವಾನೇ ಒಪ್ಕೊಂಡಿದಾನೆ. ನನಗನ್ಸೋದು, ಈ ಸೋಲಿನಿಂದಲೇ ಸಿನಿಮಾ ದೊಡ್ಡದಾಯ್ತು. ಮತ್ಸುನಾಗ ಆಕರ್ಷಕವಾಗಿ ಇಲ್ದೇ ಹೋಗಿದ್ರೆ ಅವನ ಇಳಿಜಾರು ನಮಗೆ ನೋವು ಕೊಡ್ತಾ ಇರ್ಲಿಲ್ಲ.

ಆ ಇಳಿಜಾರಿನ ಒಂದು ದೃಶ್ಯ ಹೇಳ್ತೀನಿ. ಮೊದಲ ಭಾಗದಲ್ಲಿ ಮತ್ಸುನಾಗ ಸಂತೇಲಿ ನಡ್ಕೊಂಡು ಹೋಗ್ತಾ ಹೂವಿನ ಅಂಗಡಿಯಿಂದ ಒಂದು ಹೂ ಎತ್ಕೊಂಡು ಕೋಟಿಗೆ ಸಿಕ್ಕಿಸ್ಕೋತಾನೆ, ಯಾರೂ ದುಡ್ಡು ಕೇಳಲ್ಲ, ಏರಿಯಾ ಅವನದು. ನಮ್ಮ ಲಾಂಗು ಮಚ್ಚಿನ ಸಿನಿಮಾಗಳಲ್ಲಿ ಅಣ್ಣ ಮಾರ್ಕೆಟ್‌ನಲ್ಲಿ ನಡೆಯೋ ಸೀನ್ ಎಷ್ಟು ನೋಡಿಲ್ಲ ಹೇಳಿ, ಸಾಮಾನ್ಯವಾಗಿ ಅಲ್ಲಿಗೇ ಕಟ್ ಆಗತ್ತೆ. ಇಲ್ಲಿ ಆಗಲ್ಲ. ಜೈಲಿಂದ ಹಳೇ ಬಾಸ್ ಒಕಾಡಾ ವಾಪಸ್ ಬಂದಿದಾನೆ, ಮತ್ಸುನಾಗನ ಹುಡುಗಿ ಅವನ ಕಡೆ ಹೋಗಿದಾಳೆ, ಗ್ಯಾಂಗಿನ ದೊಡ್ಡವರು ಇವನನ್ನ ಬಲಿ ಕೊಡೋ ಲೆಕ್ಕ ಹಾಕ್ತಿದಾರೆ, ಅದನ್ನ ಇವನೇ ಕಿವಿಯಾರೆ ಕೇಳಿಸ್ಕೊಂಡಿದಾನೆ. ಮತ್ತೆ ಅದೇ ಹೂವಿನ ಅಂಗಡಿ, ಮತ್ತೆ ಅದೇ ಅಭ್ಯಾಸದಲ್ಲಿ ಕೈ ಹೂವಿಗೆ ಹೋಗತ್ತೆ. ಅಂಗಡಿಯ ಹುಡುಗಿ ದುಡ್ಡು ಕೇಳ್ತಾಳೆ. ಅಷ್ಟೆ, ಅವಳು ಜೋರು ಮಾಡಲ್ಲ, ಅವಮಾನ ಮಾಡೋ ಉದ್ದೇಶವೂ ಇಲ್ಲ, ಗ್ಯಾಂಗಿನವರು ಹೇಳಿದಾರೆ, ಅದಕ್ಕೆ ಕೇಳ್ತಾಳೆ. ಮಿಫುನೆ ಮುಖ ನೋಡಿ ಆಗ. ಯಾವ ಹೊಡೆದಾಟದಲ್ಲೂ ಬೀಳದ ಪೆಟ್ಟು ಅಲ್ಲಿ ಬೀಳತ್ತೆ.

ಸಂತೆಯಲ್ಲಿ ಅವನು ಹಾಗೆ ಸೋತು ನಡೆಯುವಾಗ ಲೌಡ್‌ಸ್ಪೀಕರ್‌ನಲ್ಲಿ ಬರೋದು ದುಃಖದ ಸಂಗೀತ ಅಲ್ಲ, ಕುಕೂ ವಾಲ್ಟ್ಜ್ ಅನ್ನೋ ಕುಣಿಯೋ ಥರದ ಟ್ಯೂನ್, ಕೋಗಿಲೆ ಕೂಗೋ ಹಗುರವಾದ ರಾಗ. ಇದರ ಹಿಂದೆ ಒಂದು ಸಂಗತಿ ಇದೆ. ಈ ಸಿನಿಮಾ ಶೂಟಿಂಗ್ ನಡೀತಾ ಇರುವಾಗ ಕುರೊಸಾವಾನ ಅಪ್ಪ ತೀರಿಕೊಂಡ್ರು. ಪರಿಸ್ಥಿತಿ ಗಂಭೀರ ಅಂತ ಸುದ್ದಿ ಬಂದ್ರೂ ರಿಲೀಸ್ ಡೇಟ್ ಹತ್ರ ಇದ್ದಿದ್ರಿಂದ ಹೋಗೋಕಾಗ್ಲಿಲ್ಲ. ಸಾವಿನ ಸುದ್ದಿ ಬಂದ ದಿನ ಶಿಂಜುಕು ಬೀದೀಲಿ ಒಬ್ಬನೇ ಅಲೀತಾ ಇದ್ದಾಗ ಎಲ್ಲಿಂದಲೋ ಈ ಟ್ಯೂನ್ ಕೇಳಿಸ್ತು, ಕೇಳಿ ದುಃಖ ಇನ್ನೂ ಜಾಸ್ತಿ ಆಯ್ತು. ಅದನ್ನೇ ತಂದು ಸಂಗೀತ ನಿರ್ದೇಶಕ ಫುಮಿಯೊ ಹಯಸಾಕಾ ಜೊತೆ ಕೂತು ಮತ್ಸುನಾಗನ ನಡಿಗೆ ಮೇಲೆ ಇಟ್ಟ. ದುಃಖದ ದೃಶ್ಯಕ್ಕೆ ಉಲ್ಟಾ ಸಂಗೀತ ಹಾಕೋದು ಆಮೇಲೆ ಎಷ್ಟೋ ಜನ ಮಾಡಿದ ಟ್ರಿಕ್ಕು, ಆದ್ರೆ ಇಲ್ಲಿ ಅದು ಟ್ರಿಕ್ ಥರ ಕೇಳಲ್ಲ.

ಕ್ಲೈಮ್ಯಾಕ್ಸ್‌ನ ಬಣ್ಣದ ಹೊಡೆದಾಟದ ಬಗ್ಗೆ ಎಲ್ರೂ ಬರೆದಿದಾರೆ, ನಾನು ಜಾಸ್ತಿ ಬರೆಯಲ್ಲ. ಕಾರಿಡಾರ್‌ನಲ್ಲಿ ಬಿಳಿ ಪೇಂಟ್ ಡಬ್ಬ ಚೆಲ್ಲತ್ತೆ, ಮತ್ಸುನಾಗ ಒಕಾಡಾ ಇಬ್ರೂ ಅದರಲ್ಲಿ ಜಾರಿ ಬೀಳ್ತಾರೆ, ಏಳ್ತಾರೆ, ಮತ್ತೆ ಬೀಳ್ತಾರೆ, ಇಬ್ರೂ ಬೆಳ್ಳಗಾಗಿ ಯಾರು ಯಾರು ಅಂತ ಗೊತ್ತಾಗದ ಹಾಗೆ. ರೌಡಿಸಂನ ಯಾವ ಗತ್ತೂ ಅಲ್ಲಿ ಉಳಿಯಲ್ಲ, ಎರಡು ದೇಹ ಉಸಿರು ಸಿಗದೆ ಒದ್ದಾಡೋದು ಮಾತ್ರ ಉಳಿಯತ್ತೆ. ಕೊನೇಲಿ ಮತ್ಸುನಾಗ ಬಟ್ಟೆ ಒಣಗಿಸೋ ಬಾಲ್ಕನಿ ಮೇಲೆ ಬಿದ್ದು ಸಾಯ್ತಾನೆ. ಸಿನಿಮಾದಲ್ಲಿ ನನಗೆ ಇಷ್ಟ ಆಗದಿರೋದು ಅಂದ್ರೆ ಆ ಕನಸಿನ ಸೀನ್, ಸಮುದ್ರ ತೀರದಲ್ಲಿ ಶವಪೆಟ್ಟಿಗೆ ಒಡೆದ್ರೆ ಒಳಗೆ ಅವನೇ ಇದ್ದು ಎದ್ದು ಅಟ್ಟಿಸ್ಕೊಂಡು ಬರೋದು, ಅದು ಇವತ್ತಿಗೆ ಹಳೇದಾಗಿ ಕಾಣತ್ತೆ. ಡಾಕ್ಟರು ಮನೋಬಲ ಇದ್ರೆ ಎಲ್ಲಾ ಕಾಯಿಲೆ ಗೆಲ್ಲಬಹುದು ಅಂತ ಪಾಠ ಮಾಡೋದೂ ಸ್ವಲ್ಪ ಜಾಸ್ತಿ ಆಯ್ತು. ಆದ್ರೂ ಆ ವರ್ಷದ ಅತ್ಯುತ್ತಮ ಜಪಾನಿ ಸಿನಿಮಾ ಅಂತ ಕಿನೆಮಾ ಜುಂಪೋ ಪತ್ರಿಕೆ ಇದನ್ನೇ ಆರಿಸಿತು, ಕುರೊಸಾವಾ ಕೂಡ ಇದೇ ನಿಜವಾಗಿ ನನ್ನದು ಅನ್ನಿಸಿದ ಮೊದಲ ಸಿನಿಮಾ ಅಂತ ಮುಂದೆ ಹೇಳಿದ.

ನಡುವೆ ತೋಹೋದಲ್ಲಿ ದೊಡ್ಡ ಗಲಾಟೆ ಆಯ್ತು. 1948ರ ಸ್ಟ್ರೈಕ್, ಕಾರ್ಮಿಕರು ಸ್ಟುಡಿಯೋ ಹಿಡ್ಕೊಂಡು ಕೂತಿದ್ರು, ಆಗಸ್ಟ್‌ನಲ್ಲಿ ಅವರನ್ನ ಹೊರಗೆ ಹಾಕೋಕೆ ಸಾವಿರಾರು ಪೊಲೀಸರ ಜೊತೆ ಅಮೆರಿಕನ್ ಸೇನೆಯ ಟ್ಯಾಂಕ್‌ಗಳೂ ವಿಮಾನಗಳೂ ಬಂದ್ವು. ಒಂದು ಸಿನಿಮಾ ಸ್ಟುಡಿಯೋಗೆ. ಕುರೊಸಾವಾ ಅಲ್ಲಿಂದ ಹೊರಗೆ ಬಂದು ಗೆಳೆಯರ ಜೊತೆ ಸೇರಿ ಬೇರೆ ಸ್ಟುಡಿಯೋಗಳಿಗೆ ಕೆಲಸ ಮಾಡೋಕೆ ಶುರು ಮಾಡಿದ, ಹಾಗೆ ಶಿಂತೋಹೋಗೆ ಮಾಡಿದ್ದು 'ಸ್ಟ್ರೇ ಡಾಗ್', 1949ರ ಅಕ್ಟೋಬರ್‌ನಲ್ಲಿ ಬಂದಿದ್ದು.

ಇದರ ಕಥೆ ಒಂದು ಸಾಲಿನದು. ಸೆಕೆ ತಡೆಯೋಕಾಗದ ದಿನ, ತುಂಬಿ ತುಳುಕೋ ಬಸ್ಸಲ್ಲಿ, ಹೊಸದಾಗಿ ಡಿಟೆಕ್ಟಿವ್ ಆದ ಮುರಕಾಮಿಯ (ಮತ್ತೆ ಮಿಫುನೆ) ಕೋಲ್ಟ್ ಪಿಸ್ತೂಲನ್ನ ಯಾರೋ ಜೇಬಿಂದ ಹೊಡೀತಾರೆ. ಅದರಲ್ಲಿ ಏಳು ಗುಂಡು. ಪೊಲೀಸ್ ಒಬ್ಬನ ಪಿಸ್ತೂಲು ಕಳೆದು ಹೋದ ನಿಜವಾದ ಘಟನೆಯಿಂದ ಹುಟ್ಟಿದ್ದು ಇದು. ಕುರೊಸಾವಾಗೆ ಫ್ರೆಂಚ್ ಭಾಷೆಯ ಪತ್ತೇದಾರಿ ಕಾದಂಬರಿಕಾರ ಜಾರ್ಜ್ ಸಿಮೆನಾನ್ ಅಂದ್ರೆ ಪ್ರಾಣ, ಅದಕ್ಕೆ ಮೊದಲು ಇದನ್ನ ಕಾದಂಬರಿಯಾಗೇ ಬರೆದ, ಸುಮಾರು 40 ದಿನ ಹಿಡಿಯಿತು, ಇನ್ನೇನು ಅದನ್ನ ಸ್ಕ್ರಿಪ್ಟ್ ಮಾಡೋದು ಸುಲಭ ಅಂದ್ಕೊಂಡ್ರೆ ಅದಕ್ಕೆ 50 ದಿನಕ್ಕಿಂತ ಜಾಸ್ತಿ ಬೇಕಾಯ್ತು.

ಶುರುವಾಗೋದೇ ನಾಲಿಗೆ ಚಾಚಿ ಏದುಸಿರು ಬಿಡೋ ನಾಯಿಯ ಕ್ಲೋಸಪ್‌ನಿಂದ. ಸಾಯಿಸೋಕೆ ಅಂತ ಇಟ್ಟಿದ್ದ ಬೀದಿನಾಯಿಯೊಂದನ್ನ ತಂದು, ಸೈಕಲ್ ಜೊತೆ ಓಡಿಸಿ, ದಣಿದ ಮೇಲೆ ಶೂಟ್ ಮಾಡಿದ್ದು. ಪ್ರಾಣಿದಯಾ ಸಂಘದ ಅಮೆರಿಕನ್ ಮಹಿಳೆಯೊಬ್ಬರು ನೀವು ನಾಯಿಗೆ ರೇಬೀಸ್ ಚುಚ್ಚಿದೀರಿ ಅಂತ ಆರೋಪ ಮಾಡಿದ್ರು, ಇಲ್ಲ ಅಂತ ಕುರೊಸಾವಾ ಲಿಖಿತವಾಗಿ ಹೇಳಿಕೆ ಕೊಡಬೇಕಾಯ್ತು. ಯುದ್ಧ ಸೋತಿದ್ದಕ್ಕೆ ಅವತ್ತಿನಷ್ಟು ಬೇಜಾರು ಯಾವತ್ತೂ ಆಗಿರ್ಲಿಲ್ಲ ಅಂತ ಅವನು ಬರ್ಕೊಂಡಿದಾನೆ.

ಇನ್ನು ಆ ಸೆಕೆ! ನಾನು ನೋಡಿದ ಯಾವ ಸಿನಿಮಾದಲ್ಲೂ ಸೆಕೆ ಇಷ್ಟು ಮೈಗೆ ಅಂಟಿಲ್ಲ. ಎಲ್ರ ಕೈಲೂ ಬೀಸಣಿಗೆ ಅಥವಾ ಕರ್ಚೀಫ್, ಶರ್ಟ್ ಬೆನ್ನಿಗೆ ಅಂಟಿದೆ, ಟೇಬಲ್ ಫ್ಯಾನ್ ಆ ಕಡೆ ಈ ಕಡೆ ತಿರುಗ್ತಾ ಇದೆ. ಒಂದು ಕಡೆ ಡ್ಯಾನ್ಸ್ ಥಿಯೇಟರ್‌ನ ಹುಡುಗೀರು ಐಟಂ ಮುಗಿಸ್ಕೊಂಡು ಸ್ಟೇಜ್ ಹಿಂದಿನ ಇಕ್ಕಟ್ಟು ರೂಮಿಗೆ ಬಂದು ನೆಲದ ಮೇಲೆ ಒಬ್ಬರ ಮೇಲೊಬ್ಬರು ಬಿದ್ದ ಹಾಗೆ ಬೀಳ್ತಾರೆ, ಯಾರೂ ಮಾತಾಡಲ್ಲ, ಕ್ಯಾಮೆರಾ ಅವರ ಬೆವರಿದ ತೋಳು ಕುತ್ತಿಗೆ ಮೇಲೆ ನಿಧಾನಕ್ಕೆ ಹೋಗತ್ತೆ. ಕಥೆಗೆ ಇದರಿಂದ ಏನೂ ಆಗಬೇಕಾಗಿಲ್ಲ. ಆದ್ರೆ ಆ ಊರಲ್ಲಿ ಹೊಟ್ಟೆಪಾಡು ಅಂದ್ರೆ ಏನು ಅನ್ನೋದು ಆ ಶಾಟ್‌ನಲ್ಲಿ ಪೂರ್ತಿ ಇದೆ, ಕಳ್ಳತನ ಯಾಕೆ ಹುಟ್ಟತ್ತೆ ಅನ್ನೋದಕ್ಕೆ ಬೇರೆ ಭಾಷಣ ಬೇಕಾಗಲ್ಲ.

ಮುರಕಾಮಿ ಪಿಸ್ತೂಲು ಹುಡ್ಕೊಂಡು ಹೋಗೋ ದಾರಿ ನನಗೆ ತುಂಬಾ ಇಷ್ಟ. ಮೊದಲು ಒಬ್ಬ ಹಳೇ ಜೇಬುಗಳ್ಳಿ, ಒಗಿನ್ ಅಂತ, ಅವಳ ಹಿಂದೆ ಬೀಳ್ತಾನೆ. ಅವಳು ಬಾಯಿ ಬಿಡಲ್ಲ, ಇವನು ಬಿಡಲ್ಲ, ಇಡೀ ದಿನ ನೆರಳಿನ ಹಾಗೆ ಹಿಂದೆ ಹಿಂದೆ ಹೋಗ್ತಾನೆ. ರಾತ್ರಿ ಆಗತ್ತೆ, ಇಬ್ರಿಗೂ ಸುಸ್ತು. ಕೊನೆಗೆ ಅವಳೇ ಸೋತು ಇವನಿಗೆ ಬಿಯರ್, ತಿನ್ನೋಕೆ ಏನೋ ತಂದು ಕೊಡ್ತಾಳೆ, ಪಿಸ್ತೂಲು ಬೇಕಾದ್ರೆ ದಿಕ್ಕು ಕೆಟ್ಟವನ ಹಾಗೆ ವೇಷ ಹಾಕ್ಕೊಂಡು ಸಂತೆ ಕಡೆ ಅಲೆದಾಡು, ಮಾರೋನೇ ಬಂದು ಮಾತಾಡಿಸ್ತಾನೆ ಅಂತ ಸುಳಿವು ಕೊಡ್ತಾಳೆ. ಆಮೇಲೆ ಹಾಗೇ ಮಲ್ಕೊಂಡು ಮೇಲೆ ನೋಡ್ತಾಳೆ. ಇಪ್ಪತ್ತು ವರ್ಷದಿಂದ ನಕ್ಷತ್ರ ಅನ್ನೋದೇ ಮರೆತು ಹೋಗಿತ್ತು ಅಂತಾಳೆ. ಪೊಲೀಸೂ ಕಳ್ಳಿಯೂ ಪಕ್ಕ ಪಕ್ಕದಲ್ಲಿ, ಇಬ್ರೂ ಒಂದೇ ಆಕಾಶ ನೋಡ್ತಾ ಇದಾರೆ. ಪತ್ತೇದಾರಿ ಸಿನಿಮಾದಲ್ಲಿ ಇಂಥ ಒಂದು ನಿಮಿಷಕ್ಕೆ ಜಾಗ ಮಾಡ್ಕೊಡೋನು ಬೇರೆ ಯಾರು ಇದ್ರು ಆಗ?

ಆಮೇಲೆ ಬರೋದೇ ಉಎನೋ ಕಾಳಸಂತೆಯ ಉದ್ದದ ಭಾಗ. ಮುರಕಾಮಿ ಹಳೇ ಸೈನಿಕನ ಬಟ್ಟೆ ಹಾಕ್ಕೊಂಡು ನಿಮಿಷಗಟ್ಲೆ ಮಾತಿಲ್ಲದೆ ಅಲೀತಾನೆ. ಕಾಲು, ಕಣ್ಣು, ಜನ, ಬಿಸಿಲು, ಒಂದರ ಮೇಲೊಂದು ಕೂಡಿಸಿದ ಶಾಟ್‌ಗಳು. ಇದರಲ್ಲಿ ನಿಜವಾದ ಸಂತೆಯ ಶಾಟ್‌ಗಳನ್ನ ತೆಗೆದಿದ್ದು ಅಸಿಸ್ಟೆಂಟ್ ಆಗಿದ್ದ ಇಶಿರೊ ಹೋಂಡಾ, ಐದು ವರ್ಷ ಆದ್ಮೇಲೆ 'ಗಾಡ್ಜಿಲಾ' ಮಾಡಿದ ಅದೇ ಹೋಂಡಾ. ನಿಜವಾದ ಗ್ಯಾಂಗ್‌ಗಳು ಆಳೋ ಜಾಗ, ಕ್ಯಾಮೆರಾ ಕಂಡ್ರೆ ಕಷ್ಟ, ಅದಕ್ಕೆ ಬಚ್ಚಿಟ್ಕೊಂಡು ಶೂಟ್ ಮಾಡಿದ್ರು. ಆ ಶಾಟ್‌ಗಳಲ್ಲಿ ನಡೀತಾ ಇರೋದು ಮಿಫುನೆ ಅಲ್ಲ, ಅವನ ಬದಲಿಗೆ ಹೋಂಡಾನೇ. ಯುದ್ಧದ ನಂತರದ ಊರಿನ ವಾತಾವರಣ ಈ ಸಿನಿಮಾದಲ್ಲಿ ಚೆನ್ನಾಗಿ ಬಂದಿದ್ರೆ ಅದರ ಹೆಚ್ಚಿನ ಶ್ರೇಯಸ್ಸು ಹೋಂಡಾಗೆ ಸೇರ್ಬೇಕು ಅಂತ ಕುರೊಸಾವಾ ಮನಸ್ಸು ಬಿಚ್ಚಿ ಬರೆದಿದಾನೆ. ಈ ಭಾಗ ಉದ್ದ ಆಯ್ತು ಅನ್ನೋರು ಇದಾರೆ. ನನಗೆ ಅದು ಉದ್ದ ಇರೋದೇ ಸರಿ ಅನ್ಸತ್ತೆ, ಯಾಕಂದ್ರೆ ಅಲ್ಲಿ ಅಲೀತಾ ಅಲೀತಾ ಮುರಕಾಮಿ ವೇಷ ಹಾಕಿರೋನಾಗಿ ಉಳಿಯಲ್ಲ. ಆ ಬಟ್ಟೇಲಿ ಆ ಜನರ ಮಧ್ಯೆ ಅವನು ಏನಾಗಬಹುದಿತ್ತೋ ಅದೇ ಆಗಿ ಕಾಣ್ತಾನೆ.

ಅಷ್ಟರಲ್ಲಿ ಅವನ ಪಿಸ್ತೂಲಿಂದ ಗುಂಡು ಹಾರೋಕೆ ಶುರುವಾಗಿದೆ. ಒಬ್ಬ ಹೆಂಗಸಿನ ದರೋಡೆ ಆಗತ್ತೆ, ತೋಳಿಗೆ ಗಾಯ. ಅದು ತನ್ನದೇ ಪಿಸ್ತೂಲಾ ಅಂತ ಖಾತ್ರಿ ಮಾಡ್ಕೊಳ್ಳೋಕೆ ಮುರಕಾಮಿ ಶೂಟಿಂಗ್ ಪ್ರಾಕ್ಟೀಸ್ ಜಾಗಕ್ಕೆ ಓಡ್ತಾನೆ, ಹಿಂದೆ ತಾನು ಗುರಿ ಇಟ್ಟು ಹೊಡೆದಿದ್ದ ಮರದ ಬೊಡ್ಡೆನ ಕೆತ್ತಿ ಕೆತ್ತಿ ಒಳಗಿದ್ದ ಗುಂಡು ತೆಗೀತಾನೆ, ಲ್ಯಾಬ್‌ನಲ್ಲಿ ಎರಡು ಗುಂಡಿನ ಗೀರು ಹೋಲಿಸಿ ನೋಡಿದ್ರೆ ಎರಡೂ ಒಂದೇ. ತನಿಖೆಯ ದೃಷ್ಟಿಯಿಂದ ಅದು ಗೆಲುವು, ಅವನ ಮಟ್ಟಿಗೆ ಶಿಕ್ಷೆ. ರಾಜೀನಾಮೆ ಕೊಡ್ತಾನೆ, ಮೇಲಧಿಕಾರಿ ಅದನ್ನ ಹರಿದು ಹಾಕಿ, ಈ ಕೇಸಲ್ಲೇ ಕೆಲಸ ಮಾಡು ಅಂತ ಕಳಿಸ್ತಾರೆ. ಅಲ್ಲಿಂದ ಮುಂದೆ ಪ್ರತಿ ಸಲ ಗುಂಡಿನ ಸುದ್ದಿ ಬಂದಾಗ ನಾವೂ ಅವನ ಜೊತೆ ಎಣಿಸ್ತೀವಿ, ಇನ್ನೆಷ್ಟು ಉಳೀತು ಅಂತ.

ಜೊತೆಗೆ ಬರೋ ಹಿರಿಯ ಡಿಟೆಕ್ಟಿವ್ ಸಾತೋ, ಮತ್ತೆ ಶಿಮುರಾ. ಹಿಂದಿನ ವರ್ಷದ ಕುಡುಕ ಡಾಕ್ಟರೇ ಇವನು ಅಂದ್ರೆ ನಂಬೋಕಾಗಲ್ಲ, ಸಮಾಧಾನದ ಮನುಷ್ಯ, ಐಸ್‌ಕ್ಯಾಂಡಿ ತಿಂತಾ ಕೂತು ಸಾಕ್ಷಿಯಿಂದ ವಿಷಯ ಹೊರಡಿಸ್ತಾನೆ. ಮುರಕಾಮಿನ ಮನೆಗೆ ಕರ್ಕೊಂಡು ಹೋಗಿ ರೇಷನ್‌ನಲ್ಲಿ ಸಿಕ್ಕ ಬಿಯರ್ ಕೊಡ್ತಾನೆ, ಮಲಗಿರೋ ಮಕ್ಕಳನ್ನ ತೋರಿಸ್ತಾನೆ. ಅಲ್ಲೇ ಇಬ್ಬರ ಮಧ್ಯೆ ಸಿನಿಮಾದ ಮುಖ್ಯ ಮಾತು ನಡಿಯೋದು. ಪಿಸ್ತೂಲು ಹಿಡಿದಿರೋ ಯುಸಾ ಕೂಡ ವಾಪಸ್ ಬಂದ ಸೈನಿಕ, ಬರುವಾಗ ಅವನ ಬ್ಯಾಗ್ ಕಳ್ಳತನ ಆಗಿದೆ, ಅದೇ ಅವನು ಹಾಳಾಗೋಕೆ ಶುರು. ಮುರಕಾಮಿ ಹೇಳ್ತಾನೆ, ನಾನು ವಾಪಸ್ ಬರುವಾಗಲೂ ರೈಲಲ್ಲಿ ನನ್ನ ಬ್ಯಾಗ್ ಕದ್ರು, ನನಗೂ ಅಷ್ಟೇ ಸಿಟ್ಟು ಬಂದಿತ್ತು, ಆಗ ನಾನೂ ದರೋಡೆಗೆ ಇಳೀಬಹುದಿತ್ತು, ಹಂಗಾಗೋದು ಬೇಡ ಅಂತಲೇ ಪೊಲೀಸ್ ಸೇರ್ದೆ. ಸಾತೋ ಇದಕ್ಕೆ ಸೊಪ್ಪು ಹಾಕಲ್ಲ. ಕೆಟ್ಟವನು ಕೆಟ್ಟವನೇ, ಕುರಿಗಳ ಬಗ್ಗೆ ಯೋಚ್ನೆ ಮಾಡು, ತೋಳದ ಬಗ್ಗೆ ಅಲ್ಲ ಅನ್ನೋ ಧಾಟಿ ಅವನದು. ಒಂದೇ ಬ್ಯಾಗ್ ಕಳ್ಳತನ, ಎರಡು ದಾರಿ. ಕುರೊಸಾವಾ ಯಾರ ಪರ ಅಂತ ನನ್ನ ಕೇಳಿದ್ರೆ, ಮಾತಲ್ಲಿ ಸಾತೋ ಪರ, ಕ್ಯಾಮೆರಾದಲ್ಲಿ ಮುರಕಾಮಿ ಪರ ಅಂತೀನಿ.

ಹರುಮಿಯ ದೃಶ್ಯಾನೂ ಹೇಳ್ಬೇಕು. ಯುಸಾ ಪ್ರೀತಿಸೋ ಡ್ಯಾನ್ಸರ್ ಹುಡುಗಿ, ಆ ಪಾತ್ರ ಮಾಡಿದ ಕೆಯಿಕೊ ಅವಾಜಿಗೆ ಆಗ 16 ವರ್ಷ. ಅಂಗಡಿಯ ಗಾಜಿನ ಹಿಂದೆ ಕಂಡ ಒಂದು ಡ್ರೆಸ್ ಬೇಕು ಅಂತ ಅವಳು ಆಸೆ ಪಟ್ಟಿದ್ಲು, ಅದಕ್ಕೇ ಅವನು ದರೋಡೆ ಮಾಡಿದ್ದು. ಮುರಕಾಮಿ ಎದುರಿಗೇ ಅವಳು ಆ ಡ್ರೆಸ್ ಹಾಕ್ಕೊಂಡು ಗಿರ್ರನೆ ತಿರುಗ್ತಾಳೆ, ಹೊರಗೆ ಮಿಂಚು ಗುಡುಗು, ಖುಷಿ ಆಗ್ತಿದೆ ಖುಷಿ ಆಗ್ತಿದೆ ಅಂತ ಹಠಕ್ಕೆ ಬಿದ್ದವಳ ಹಾಗೆ ಕೂಗ್ತಾಳೆ, ಅವಳ ಮುಖದಲ್ಲಿ ಖುಷಿ ಇಲ್ಲ. ಅವಳ ಅಮ್ಮ ಆ ಡ್ರೆಸ್ ಕಿತ್ಕೊಂಡು ಕಿಟಕಿಯಿಂದ ಮಳೆಗೆ ಎಸೀತಾಳೆ. ಅದೇ ಮಳೇಲಿ ಇನ್ನೊಂದು ಕಡೆ ಹೋಟೆಲಿಂದ ಸಾತೋ ಫೋನ್ ಮಾಡ್ತಾ ಇದಾನೆ, ಫೋನ್ ಮುರಕಾಮಿ ಕಿವೀಲಿದೆ, ಆಗಲೇ ಗುಂಡಿನ ಸದ್ದು. ಇಷ್ಟು ಹೊತ್ತು ಕಾದಿದ್ದ ಮಳೆ ಬಂದಿದೆ, ತಂಪಾಗಬೇಕಿತ್ತು, ಆಗಲ್ಲ.

ಕೊನೇ ದೃಶ್ಯಕ್ಕೆ ಬರೋಣ. ಯುಸಾನ ಮುಖ ಮುರಕಾಮಿ ನೋಡೇ ಇಲ್ಲ. ಗೊತ್ತಿರೋದು ಇಷ್ಟೇ, ಬಿಳಿ ಸೂಟು, ರಾತ್ರಿ ಮಳೇಲಿ ಓಡಿದ್ರಿಂದ ಕೆಸರಾಗಿರ್ಬೇಕು, ಮತ್ತೆ ಎಡಗೈ ಬಳಸೋನು. ಸ್ಟೇಷನ್ ವೇಟಿಂಗ್ ರೂಮಿನಲ್ಲಿ ಒಬ್ಬೊಬ್ಬರ ಶೂ, ಪ್ಯಾಂಟು ನೋಡ್ತಾ ಬರ್ತಾನೆ, ಒಬ್ಬ ಎಡಗೈಲಿ ಬೆಂಕಿಕಡ್ಡಿ ಗೀರ್ತಾನೆ. ಓಟ. ಊರ ಹೊರಗಿನ ಮರಗಳ ನಡುವೆ ಇಬ್ರೂ ಎದುರುಬದುರು, ಮುರಕಾಮಿ ಕೈಲಿ ಏನೂ ಇಲ್ಲ, ಯುಸಾ ಕೈಲಿ ಅವನದೇ ಪಿಸ್ತೂಲು, ಉಳಿದಿರೋದು ಮೂರು ಗುಂಡು. ಪಕ್ಕದ ಮನೇಲಿ ಒಬ್ಬಳು ಪಿಯಾನೋ ಅಭ್ಯಾಸ ಮಾಡ್ತಾ ಇದಾಳೆ. ಗುಂಡಿನ ಸದ್ದಿಗೆ ನಿಲ್ಲಿಸಿ ಕಿಟಕಿಯಿಂದ ನೋಡ್ತಾಳೆ, ಏನೂ ಅರ್ಥ ಆಗಲ್ಲ, ಮತ್ತೆ ನುಡಿಸೋಕೆ ಕೂರ್ತಾಳೆ. ಮುರಕಾಮಿ ತೋಳಿಂದ ರಕ್ತ ಎಲೆಗಳ ಮೇಲೆ ತೊಟ್ಟಿಕ್ಕತ್ತೆ. ಉಳಿದೆರಡು ಗುಂಡೂ ತಪ್ಪತ್ತೆ. ಇಬ್ರೂ ಕೆಸರಲ್ಲಿ ಹೊರಳಾಡಿ, ಕೈಗೆ ಬೇಡಿ ಬಿದ್ದ ಮೇಲೆ ಹೂ ಬಿಟ್ಟ ಹುಲ್ಲಲ್ಲಿ ಅಕ್ಕಪಕ್ಕ ಬಿದ್ದು ಏದುಸಿರು ಬಿಡ್ತಾರೆ, ಯಾರು ಪೊಲೀಸ್ ಯಾರು ಕಳ್ಳ ಅಂತ ಮೇಲಿಂದ ನೋಡಿದ್ರೆ ಹೇಳೋಕಾಗಲ್ಲ. ಅಷ್ಟರಲ್ಲಿ ಸಣ್ಣ ಮಕ್ಕಳು ಹಾಡ್ಕೊಂಡು ಆಚೆ ದಾರೀಲಿ ಹೋಗ್ತಾವೆ. ಯುಸಾ ಆ ಹಾಡು ಕೇಳಿ, ತಲೆ ಮೇಲಿನ ಹೂ ನೋಡಿ, ಅಳೋಕೆ ಶುರು ಮಾಡ್ತಾನೆ. ಅದನ್ನ ಅಳು ಅನ್ನೋಕೂ ಆಗಲ್ಲ, ಹೊಟ್ಟೆಯೊಳಗಿಂದ ಬರೋ ಒಂದು ಕೂಗು ಅದು.

ಕುರೊಸಾವಾಗೆ ಈ ಸಿನಿಮಾ ಬಗ್ಗೆ ಸಮಾಧಾನ ಇರ್ಲಿಲ್ಲ ಅನ್ನೋದು ನನಗೆ ಯಾವಾಗಲೂ ಆಶ್ಚರ್ಯ. ಶೂಟಿಂಗ್ ಅಷ್ಟು ಸಲೀಸಾಗಿ ಯಾವತ್ತೂ ಆಗಿರ್ಲಿಲ್ಲ ಅಂತ ಖುಷಿಯಿಂದ ಬರ್ಕೊಂಡೋನೇ, ಬೇರೆ ಕಡೆ ಅದರಲ್ಲಿ ಟೆಕ್ನಿಕ್ ಜಾಸ್ತಿ, ವಿಚಾರ ಇಲ್ಲ ಅಂದಿದಾನೆ. ನಾನು ಒಪ್ಪಲ್ಲ. ಟೆಕ್ನಿಕ್ ಜಾಸ್ತಿ ಇರೋದು ನಿಜ, ಆದ್ರೆ ವಿಚಾರ ಇರೋದು ಆ ಟೆಕ್ನಿಕ್ ಒಳಗೇ.

ನಾನು ಹೀಗೆ ಹೇಳೋಕೆ ಒಂದು ಕಾರಣ ಇದೆ. 1963ರಲ್ಲಿ ಅವನು ಮತ್ತೆ ಪೊಲೀಸ್ ತನಿಖೆಯ ಕಥೆಗೆ ಬಂದ, 'ಹೈ ಆಂಡ್ ಲೋ'. ಎಡ್ ಮೆಕ್‌ಬೇನ್‌ನ ಅಮೆರಿಕನ್ ಕಾದಂಬರಿಯಿಂದ ಎತ್ಕೊಂಡ ಮಗು ಅಪಹರಣದ ಕಥೆ, ಜಾಗ ಯೊಕೊಹಾಮಾ. ಎಷ್ಟೋ ಜನ ಇದೇ ಅವನ ಕ್ರೈಮ್ ಸಿನಿಮಾಗಳಲ್ಲಿ ಶ್ರೇಷ್ಠ ಅಂತಾರೆ, ಕಟ್ಟಿರೋ ರೀತಿ ನೋಡಿದ್ರೆ ಇರಬಹುದು. ಅಲ್ಲೂ ಸೆಕೆ ಇದೆ. ಆದ್ರೆ ಮಿಫುನೆ ಮಾಡಿದ ಶ್ರೀಮಂತ ಗೋಂಡೋನ ಮನೆ ಗುಡ್ಡದ ಮೇಲೆ, ಏರ್ ಕಂಡೀಷನ್ ಹಾಕಿದೆ, ಅಪಹರಣಕಾರ ಕೆಳಗಿನ ಗಲ್ಲಿಯ ಬೇಗೆಯಲ್ಲಿ ಕೂತು ಆ ಮನೆ ನೋಡ್ತಾ ದ್ವೇಷ ಬೆಳೆಸ್ಕೋತಾನೆ. ಕೊನೇಲಿ ಜೈಲಲ್ಲಿ ಇಬ್ರೂ ಎದುರು ಕೂತಾಗ ನಡುವೆ ಗಾಜು. ಒಬ್ಬನ ಮುಖದ ಮೇಲೆ ಇನ್ನೊಬ್ಬನ ಪ್ರತಿಬಿಂಬ ಬೀಳತ್ತೆ ನಿಜ, ಆದ್ರೆ ಮುಟ್ಟೋಕಾಗಲ್ಲ, ಮಾತು ಮುಗಿಯೋಕೂ ಮುಂಚೆ ಶಟರ್ ಕೆಳಗೆ ಬೀಳತ್ತೆ. ಹದಿನಾಲ್ಕು ವರ್ಷದಲ್ಲಿ ಊರು ಶ್ರೀಮಂತ ಆಯ್ತು, ಕೊಳಚೆ ಹೊಂಡದ ದಡದಲ್ಲಿ ಎಲ್ರೂ ಒಟ್ಟಿಗೆ ಕೆಮ್ಮೋ ಕಾಲ ಹೋಯ್ತು, ಬೆವರೋರು ಬೇರೆ ತಂಪಲ್ಲಿ ಕೂರೋರು ಬೇರೆ ಆದ್ರು. ಆ ಬದಲಾವಣೆ ಕುರೊಸಾವಾ ಕಣ್ಣಿಗೆ ಕಂಡಿದೆ. 1949ರಲ್ಲಿ ಮುರಕಾಮಿಗೂ ಯುಸಾಗೂ ನಡುವೆ ಗಾಜು ಇಡೋಕೆ ಜಾಗವೇ ಇರ್ಲಿಲ್ಲ.

'ಸ್ಟ್ರೇ ಡಾಗ್'ನ ಕೊನೇಲಿ ಆಸ್ಪತ್ರೆ ಹಾಸಿಗೆ ಮೇಲಿಂದ ಸಾತೋ ಹೇಳ್ತಾನೆ, ಇವತ್ತಲ್ಲ ನಾಳೆ ಯುಸಾನ ಮರೀತೀಯ, ಇನ್ನೂ ಎಷ್ಟೋ ಯುಸಾಗಳನ್ನ ಹಿಡೀಬೇಕು. ಅನುಭವಸ್ಥನ ಮಾತು, ಪ್ರೀತಿಯಿಂದಲೇ ಹೇಳಿದ್ದು. ಮುರಕಾಮಿ ಹೌದು ಅನ್ನಲ್ಲ. ಅವನು ಮರೀತಾನೆ ಅಂತ ನನಗೂ ಅನ್ಸಲ್ಲ. ನೋಡದೇ ಇರೋರು ಎರಡೂ ಹುಡುಕಿ ನೋಡಿ, ಇದೇ ಕ್ರಮದಲ್ಲಿ ನೋಡಿ, ಮೊದಲು ಡಾಕ್ಟರು ಆಮೇಲೆ ಡಿಟೆಕ್ಟಿವ್. ಸಂತೆಯ ಭಾಗ ಮಾತ್ರ ಓಡಿಸ್ಬೇಡಿ.